ನರ್ಸ್‌ಗಳ ಕೆಲಸದ ಪರಿಸ್ಥಿತಿ ಕುರಿತ ಪ್ರಬಂಧ: ಸಿನಾಪ್ಸಿಸ್‌ನಿಂದ ಬೈಂಡಿಂಗ್‌ವರೆಗೆ

ಕಳೆದ ತಿಂಗಳು ಪ್ರಬಂಧದ ಪ್ರತಿಗಳನ್ನು ಬೈಂಡ್ ಮಾಡಿಸಿ ಕಾಲೇಜಿಗೆ ಒಪ್ಪಿಸಿ ಬಂದೆ. ಎಂ.ಎಸ್ಸಿ. ನರ್ಸಿಂಗ್‌ನ ಎರಡು ವರ್ಷದಲ್ಲಿ ಸುಮಾರು ಹದಿನಾರು ತಿಂಗಳು ಇದೊಂದಕ್ಕೇ ಹೋಗಿದೆ. ವಿಷಯ: ಶಿವಮೊಗ್ಗ ಜಿಲ್ಲೆಯ ಆಸ್ಪತ್ರೆಗಳಲ್ಲಿ ವಾರ್ಡ್ ಡ್ಯೂಟಿ ಮಾಡುವ ನರ್ಸ್‌ಗಳ ಕೆಲಸದ ಪರಿಸ್ಥಿತಿ ಮತ್ತು ದಣಿವು. ಮೊದಲ ವರ್ಷದವರು ಕೇಳುವುದೆಲ್ಲ ಹೆಚ್ಚುಕಡಿಮೆ ಒಂದೇ: ಯಾವ ಸ್ಕೇಲ್ (ಅಳೆಯಲು ಬಳಸುವ ಸಿದ್ಧ ಪ್ರಶ್ನಾವಳಿ), ಯಾರ ಪರ್ಮಿಷನ್, ಎಷ್ಟು ದಿನ, ಎಷ್ಟು ದುಡ್ಡು. ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ. ಆಸ್ಪತ್ರೆಗಳ ಹೆಸರು ಹೇಳುವುದಿಲ್ಲ. ಹೇಳುವುದಿಲ್ಲ ಅಂತ ಬರೆದುಕೊಟ್ಟೇ ಒಳಗೆ ಹೋಗಿದ್ದೆ.

ನಾನು ಮೊದಲು ಬರೆದ ಶೀರ್ಷಿಕೆ "ನರ್ಸ್‌ಗಳಲ್ಲಿ ಒತ್ತಡ ಮತ್ತು ಅದನ್ನು ನಿಭಾಯಿಸುವ ವಿಧಾನಗಳು". ಕಾಲೇಜಿನ ಗ್ರಂಥಾಲಯದ ಕಪಾಟಿನಲ್ಲಿ ಇದೇ ಹೆಸರಿನವು ಸಾಲಾಗಿ ಕೂತಿದ್ದವು. ಗೈಡ್ ಮೇಡಂ ಓದಿ, "ಒತ್ತಡ ಇದೆ ಅನ್ನೋದು ಎಲ್ಲರಿಗೂ ಗೊತ್ತು. ಅವತ್ತು ಆ ಪಾಳಿಯಲ್ಲಿ ಎಷ್ಟು ರೋಗಿ, ಎಷ್ಟು ಸಿಸ್ಟರ್ ಇದ್ರು ಅಂತ ಕೇಳಿದೀಯಾ?" ಅಂದರು. ಕೇಳಿರಲಿಲ್ಲ. ವಿಷಯ ತಿರುಗಿದ್ದು ಅಲ್ಲಿ.

ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ ಎಲ್ಲ ಪ್ರಬಂಧಗಳಲ್ಲೂ ಬರುತ್ತದೆ: ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿಗೆ 1:3 (ಮೂರು ರೋಗಿಗೆ ಒಬ್ಬ ನರ್ಸ್), ಬೋಧನೆಯಿಲ್ಲದ ಆಸ್ಪತ್ರೆಗೆ 1:5, ಐಸಿಯುಗೆ 1:1, ಜೊತೆಗೆ ರಜೆ ಮೀಸಲು ಅಂತ 30 ಪ್ರತಿಶತ. ಇಲ್ಲಿ ಎಡವುವವರು ಬಹಳ. ವಾರ್ಡಿನ 1:3 ಅನ್ನುವುದು ಮೂರೂ ಪಾಳಿ ಸೇರಿದ ಲೆಕ್ಕ. ಪಾಳಿಗೆ ಇಳಿಸಿದರೆ ಅದು 1:9. 30 ರೋಗಿಗಳ ವಾರ್ಡಿಗೆ 10 ಹುದ್ದೆ, ರಜೆ ಮೀಸಲು ಸೇರಿ 13 ಅಂತ ಲೆಕ್ಕ ಬಂದರೂ ಒಂದು ಪಾಳಿಯಲ್ಲಿ ನಿಲ್ಲುವವರು ಮೂವರು. ಇದನ್ನು ಬಿಡಿಸಿ ಹೇಳದೆ "ಮಾನದಂಡ 1:3, ವಾಸ್ತವ 1:20" ಅಂತ ಪಕ್ಕಪಕ್ಕ ಬರೆದರೆ ವೈವಾದಲ್ಲಿ ಮೊದಲ ಪ್ರಶ್ನೆ ಅದರ ಮೇಲೇ ಬೀಳುತ್ತದೆ. ವಾಸ್ತವ ಕೆಟ್ಟದಾಗಿಯೇ ಇದೆ. ತಪ್ಪು ಹೋಲಿಕೆ ಮಾಡಿ ಆ ವಾದವನ್ನು ನಾವೇ ದುರ್ಬಲ ಮಾಡಿಕೊಳ್ಳಬಾರದು.

ಆದ್ದರಿಂದ "ನಿಮ್ಮ ವಾರ್ಡಿನಲ್ಲಿ ಎಷ್ಟು ರೋಗಿಗೆ ಒಬ್ಬ ನರ್ಸ್?" ಅಂತ ಕೇಳಬೇಡಿ. ಒಬ್ಬರು ಹಾಸಿಗೆ ಎಣಿಸುತ್ತಾರೆ, ಒಬ್ಬರು ಮಂಜೂರಾದ ಹುದ್ದೆ ಎಣಿಸುತ್ತಾರೆ, ಇನ್ನೊಬ್ಬರು ಇವತ್ತಿನ ಕಷ್ಟ ಎಣಿಸುತ್ತಾರೆ. ನಾನು ಕೊನೆಗೆ ಇಟ್ಟ ಪ್ರಶ್ನೆ ಹೀಗಿತ್ತು: "ನೀವು ಕೊನೆಯದಾಗಿ ಮಾಡಿದ ಡ್ಯೂಟಿ ಯಾವ ಪಾಳಿಯದು? ಓವರ್ (ಹಿಂದಿನ ಪಾಳಿಯವರಿಂದ ವಾರ್ಡಿನ ಹೊಣೆ) ತೆಗೆದುಕೊಂಡಾಗ ವಾರ್ಡಿನಲ್ಲಿ ಎಷ್ಟು ರೋಗಿಗಳಿದ್ದರು, ನೆಲದ ಮೇಲೆ ಹಾಸಿ ಮಲಗಿಸಿದವರನ್ನೂ ಸೇರಿಸಿ? ನಿಮ್ಮನ್ನು ಸೇರಿಸಿ ಎಷ್ಟು ನರ್ಸ್‌ಗಳಿದ್ದರು, ವಿದ್ಯಾರ್ಥಿಗಳನ್ನು ಬಿಟ್ಟು?" ಕೊನೆಯ ಎರಡು ಪದ ಬಹಳ ಮುಖ್ಯ. ಬೋಧನಾ ಆಸ್ಪತ್ರೆಗಳಲ್ಲಿ ಬೆಳಗಿನ ಪಾಳಿಯ ಡ್ರೆಸ್ಸಿಂಗು, ವೈಟಲ್ಸು ಎಲ್ಲ ವಿದ್ಯಾರ್ಥಿಗಳ ಕೈಯಲ್ಲೇ ನಡೆಯುತ್ತದೆ. ಅವರನ್ನು ಸೇರಿಸಿ ಎಣಿಸಿದರೆ ಬೆಳಗ್ಗೆ ಜನ ಸಾಕಷ್ಟಿದ್ದಾರೆ ಅಂತ ಕಾಣುತ್ತದೆ.

ಪೀಠಿಕೆಗೆ ಎಲ್ಲರೂ ಬಳಸುವ ಅಧ್ಯಯನ 2014ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಲಿಂಡಾ ಐಕೆನ್ ತಂಡದ್ದು: ಯುರೋಪಿನ 9 ದೇಶ, 300 ಆಸ್ಪತ್ರೆ, 4 ಲಕ್ಷಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ ರೋಗಿಗಳು. ನರ್ಸ್ ಮೇಲೆ ಒಬ್ಬ ರೋಗಿ ಹೆಚ್ಚಾದಂತೆಲ್ಲ 30 ದಿನದೊಳಗಿನ ಸಾವಿನ ಆಡ್ಸ್ (ಸತ್ತವರಿಗೂ ಬದುಕಿದವರಿಗೂ ಇರುವ ಅನುಪಾತ) 7 ಪ್ರತಿಶತ ಏರಿತ್ತು. ಪದವೀಧರ ನರ್ಸ್‌ಗಳ ಪಾಲು 10 ಪ್ರತಿಶತ ಹೆಚ್ಚಿದಂತೆಲ್ಲ ಅಷ್ಟೇ ಇಳಿದಿತ್ತು. ಬಳಸಿ, ಆದರೆ "7 ಪ್ರತಿಶತ ರೋಗಿಗಳು ಸಾಯುತ್ತಾರೆ" ಅಂತ ಬರೆಯಬೇಡಿ. ಅವರ ಹತ್ತಿರ ಪ್ರತಿ ರೋಗಿಯ ಬಿಡುಗಡೆ ದಾಖಲೆ ಇತ್ತು. ನಮ್ಮ ಪ್ರಶ್ನಾವಳಿಯಿಂದ ಸಾವಿನ ಬಗ್ಗೆ ಏನೂ ಹೇಳಲು ಬರುವುದಿಲ್ಲ.

ಸ್ಕೇಲ್ ವಿಚಾರ. ಬರ್ನ್‌ಔಟ್ (ಕೆಲಸದಿಂದ ಮೈ ಮನಸ್ಸು ಪೂರ್ತಿ ದಣಿಯುವುದು) ಅಂದ ಕೂಡಲೇ ಎಲ್ಲರೂ ಮ್ಯಾಸ್ಲಾಕ್ ಸ್ಕೇಲಿನ 22 ಪ್ರಶ್ನೆಗಳ ಕಡೆ ಓಡುತ್ತಾರೆ. ಅದು ದುಡ್ಡು ಕೊಟ್ಟು ಲೈಸೆನ್ಸ್ ಪಡೆಯಬೇಕಾದದ್ದು. ಎಷ್ಟು ಪ್ರತಿ ಬೇಕೋ ಅಷ್ಟಕ್ಕೂ. ಹಳೆಯ ಪ್ರಬಂಧದ ಹಿಂದಿನ ಪುಟಗಳಿಂದ ಜೆರಾಕ್ಸ್ ಮಾಡಿಕೊಂಡರೆ ಎಥಿಕ್ಸ್ ಕಮಿಟಿ (ಸಂಶೋಧನೆಯ ನೈತಿಕತೆ ನೋಡುವ ಸಮಿತಿ) ಅನುಮತಿ ಪತ್ರ ಕೇಳುತ್ತದೆ. ನಾನು ಕೋಪನ್‌ಹೇಗನ್ ಬರ್ನ್‌ಔಟ್ ಇನ್ವೆಂಟರಿ ತೆಗೆದುಕೊಂಡೆ. 2005ರದ್ದು, ಉಚಿತ, 19 ಪ್ರಶ್ನೆ. ಅದರ ಮೂರು ಭಾಗಗಳನ್ನು ಬೇರೆ ಬೇರೆಯಾಗಿಯೂ ಬಳಸಬಹುದು. ನಾನು ವೈಯಕ್ತಿಕ ದಣಿವಿನ 6, ಕೆಲಸದ ದಣಿವಿನ 7 ಮಾತ್ರ ಇಟ್ಟುಕೊಂಡೆ. ಕೆಲಸದ ವಾತಾವರಣಕ್ಕೆ ಐಲೀನ್ ಲೇಕ್ 2002ರಲ್ಲಿ ಪ್ರಕಟಿಸಿದ 31 ಪ್ರಶ್ನೆಗಳ ಪಿಇಎಸ್-ಎನ್‌ಡಬ್ಲ್ಯುಐ ಅನ್ನುವ ಸ್ಕೇಲ್. ಲೇಖಕರಿಗೆ ಇಮೇಲ್ ಬರೆದು ಅನುಮತಿ ಕೇಳಬೇಕು. ಕಾಲೇಜಿನ ಹೆಸರು, ಗೈಡ್ ಹೆಸರು, ಯಾವ ಭಾಷೆಗೆ ಅನುವಾದ, ಎಷ್ಟು ಜನರಿಗೆ ಕೊಡುತ್ತೀರಿ, ಇವಿಷ್ಟನ್ನು ಮೊದಲ ಪತ್ರದಲ್ಲೇ ಬರೆದರೆ ಮತ್ತೆ ಮತ್ತೆ ಬರೆಯುವುದು ತಪ್ಪುತ್ತದೆ. ಉತ್ತರ ಬಂದ ಪುಟವನ್ನು ಪ್ರಿಂಟ್ ತೆಗೆದು ಇಟ್ಟುಕೊಳ್ಳಿ, ಮೂರು ಕಡೆ ಲಗತ್ತಿಸಬೇಕಾಗುತ್ತದೆ.

ಅನುವಾದಕ್ಕೆ ನಾನು ಮೂರು ವಾರ ಅಂದುಕೊಂಡಿದ್ದೆ. ಎರಡೂವರೆ ತಿಂಗಳು ಹಿಡಿಯಿತು. ಅಷ್ಟು ಸಮಯ ಕೊಡಲೇಬೇಕು ಅಂತ ಈಗ ಅನ್ನಿಸುತ್ತದೆ. ಕ್ರಮ ಇಷ್ಟೇ: ಒಬ್ಬರು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಾರೆ, ಮೂಲ ನೋಡಿರದ ಇನ್ನೊಬ್ಬರು ಕನ್ನಡದಿಂದ ಇಂಗ್ಲಿಷಿಗೆ ಮರಳಿಸುತ್ತಾರೆ, ಎರಡನ್ನೂ ಪಕ್ಕದಲ್ಲಿಟ್ಟು ನೋಡಬೇಕು. "ಬರ್ನ್ಟ್ ಔಟ್" ಅನ್ನುವುದಕ್ಕೆ ಮೊದಲು ಬಂದದ್ದು "ಬೆಂದುಹೋಗಿದ್ದೀರಾ". ಓದಿದ ಹಿರಿಯ ಸಿಸ್ಟರ್ ಒಬ್ಬರು, "ಎಂತ ಮಾರಾಯ್ತಿ ಇದು, ಸ್ಟವ್ ಹತ್ರ ಕೂತಿದ್ದೀವಾ?" ಅಂದರು. ಆಮೇಲೆ "ಬೇಜಾರು" ಹಾಕಿದೆವು. ಅದು ಮರಳಿ ಇಂಗ್ಲಿಷಿಗೆ ಹೋದಾಗ ಒಂದು ಕಡೆ ದುಃಖ, ಇನ್ನೊಂದು ಕಡೆ ಕೆಲಸವಿಲ್ಲದೆ ಹೊತ್ತು ಹೋಗದಿರುವುದು ಅಂತಾಯಿತು. "ಸುಸ್ತು" ಅಂದರೆ ಮೈಗೆ ಮಾತ್ರ, ಮನಸ್ಸಿಗಲ್ಲ. ನಾಲ್ಕೈದು ಜನ ನರ್ಸ್‌ಗಳನ್ನು ಕೂರಿಸಿಕೊಂಡು, "ಈ ಕೆಲಸ ಇನ್ನು ನನ್ನ ಕೈಲಾಗಲ್ಲ ಅನ್ನಿಸಿದಾಗ ಮನೆಯಲ್ಲಿ ಏನಂತ ಹೇಳ್ತೀರಿ?" ಅಂತ ಕೇಳಿದಾಗ ಎಲ್ಲರ ಬಾಯಲ್ಲೂ ಬಂದದ್ದು "ಸಾಕು ಸಾಕಾಗಿ ಹೋಗಿದೆ". ಅದನ್ನೇ ಇಟ್ಟೆವು. ಮರಳಿಸಿದಾಗ ಮೂಲದ ಅರ್ಥಕ್ಕೆ ಅತಿ ಹತ್ತಿರ ಬಂದದ್ದೂ ಅದೇ.

ಉತ್ತರದ ಆಯ್ಕೆಗಳಲ್ಲಿ ಇನ್ನೊಂದು ಗುಂಡಿ ಇದೆ. "ಆಗಾಗ" ಅನ್ನುವುದನ್ನು ನಾವು "ಹೆಚ್ಚು ಸಲ" ಅನ್ನುವ ಅರ್ಥದಲ್ಲಿ ಬರೆದಿದ್ದೆವು, ಓದುವವರಲ್ಲಿ ಅರ್ಧ ಜನ "ಯಾವಾಗಲಾದರೊಮ್ಮೆ" ಅಂತ ತೆಗೆದುಕೊಂಡರು. ಕೆಳಗೇ "ಕೆಲವೊಮ್ಮೆ" ಇದ್ದುದರಿಂದ ಎರಡೂ ಒಂದೇ ಆಯಿತು. ಕೋಪನ್‌ಹೇಗನ್ ಸ್ಕೇಲಿನಲ್ಲಿ ಒಂದೊಂದು ಮೆಟ್ಟಿಲಿಗೆ 25 ಅಂಕದ ಅಂತರ: ಯಾವಾಗಲೂ 100, ಆಮೇಲೆ 75, 50, 25, ಕೊನೆಗೆ 0. ಪದವೊಂದು ಜಾರಿದರೆ ಅಂಕವೂ ಜಾರುತ್ತದೆ. "ಯಾವಾಗಲೂ, ಬಹಳ ಸಲ, ಕೆಲವೊಮ್ಮೆ, ಅಪರೂಪಕ್ಕೆ, ಇಲ್ಲವೇ ಇಲ್ಲ" ಅಂತ ಮಾಡಿದ ಮೇಲೆ ಗೊಂದಲ ನಿಂತಿತು.

ಟೈಪಿಂಗ್ ಬಗ್ಗೆ ಒಂದು ಮಾತು. ಡಿಟಿಪಿ ಅಂಗಡಿಯಲ್ಲಿ ನುಡಿ ಫಾಂಟಿನಲ್ಲಿ ಮಾಡಿಸಿದ ಫೈಲನ್ನು ತಜ್ಞರಿಗೆ ಇಮೇಲ್ ಮಾಡಿದರೆ ಅವರ ಕಂಪ್ಯೂಟರಿನಲ್ಲಿ ಬರೀ ಚಿಹ್ನೆಗಳು ಕಾಣುತ್ತವೆ. ಮೊದಲಿನಿಂದಲೇ ಯೂನಿಕೋಡ್‌ನಲ್ಲಿ ಮಾಡಿಸಿ, ಪಿಡಿಎಫ್ ಕಳಿಸಿ.

ತಜ್ಞರ ಪರಿಶೀಲನೆಗೆ ಆರು ಜನಕ್ಕೆ ಕಳಿಸಿದ್ದೆ. ಪ್ರಶ್ನೆ ವಿಷಯಕ್ಕೆ ಎಷ್ಟು ಹೊಂದುತ್ತದೆ ಅಂತ ನೋಡಿ ಒಬ್ಬೊಬ್ಬರೂ ಪ್ರತಿ ಪ್ರಶ್ನೆಗೆ 1ರಿಂದ 4ರವರೆಗೆ ಅಂಕ ಕೊಡುತ್ತಾರೆ. 3 ಅಥವಾ 4 ಕೊಟ್ಟವರ ಪಾಲು 0.78 ದಾಟಬೇಕು. ಆರರಲ್ಲಿ ಐವರು ಒಪ್ಪಿದರೆ 0.83, ಉಳಿಯಿತು, ನಾಲ್ವರು ಒಪ್ಪಿದರೆ 0.67, ಹೋಯಿತು. ಐದು ಅಥವಾ ಅದಕ್ಕಿಂತ ಕಡಿಮೆ ತಜ್ಞರಿದ್ದರೆ ಎಲ್ಲರೂ ಒಪ್ಪಬೇಕಾಗುತ್ತದೆ. ಅದಕ್ಕೇ ಆರು ಜನ ಬೇಕು, ಆರು ಉತ್ತರ ಬರಬೇಕಾದರೆ ಹತ್ತು ಜನಕ್ಕೆ ಕಳಿಸಬೇಕು. ನಾನು ಆರೇ ಕಳಿಸಿ, ಕೊನೆಯ ಉತ್ತರಕ್ಕೆ ಐದು ವಾರ ಕಾದೆ.

ಎಥಿಕ್ಸ್ ಕಮಿಟಿ ಅಂದರೆ ಹೆದರಿಕೊಳ್ಳುವುದು ಬೇಡ. ಬರೀ ಪ್ರಶ್ನಾವಳಿಯಾದರೆ ಅಪಾಯ ಕಡಿಮೆ ಅಂತ ತ್ವರಿತ ಪರಿಶೀಲನೆಗೆ ಹೋಗಬಹುದು. ಆದರೆ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯಲ್ಲಿ ಒಂದು ಅಂಶವಿದೆ: ಮೇಲಧಿಕಾರಿಯ ಕೈಕೆಳಗೆ ಕೆಲಸ ಮಾಡುವವರಿಗೆ "ಇಲ್ಲ" ಅನ್ನಲು ನಿಜವಾದ ಸ್ವಾತಂತ್ರ್ಯ ಇಲ್ಲದಿರಬಹುದು, ಅವರಿಗೆ ಹೆಚ್ಚಿನ ರಕ್ಷಣೆ ಬೇಕು. ನನಗೆ ಬಂದ ತಿದ್ದುಪಡಿಗಳೆಲ್ಲ ಅಲ್ಲಿಂದಲೇ ಬಂದವು. ಫಾರಂ ಯಾರು ಹಂಚುತ್ತಾರೆ? ತುಂಬಿದ್ದನ್ನು ಯಾರು ಪಡೆಯುತ್ತಾರೆ? ಹದಿನಾಲ್ಕೇ ನರ್ಸ್‌ಗಳಿರುವ ಕಡೆ ವಯಸ್ಸು, ಲಿಂಗ, ಓದು, ವಾರ್ಡು ಎಲ್ಲ ಬರೆಸಿದರೆ ಯಾರ ಫಾರಂ ಅಂತ ಗೊತ್ತಾಗುವುದಿಲ್ಲವೇ? ಗೊತ್ತಾಗುತ್ತದೆ. ಅಲ್ಲಿದ್ದ ಬ್ರದರ್ (ಗಂಡು ನರ್ಸ್) ಒಬ್ಬರೇ ಆಗಿದ್ದರೆ ಲಿಂಗ ಒಂದೇ ಸಾಕು. ವಯಸ್ಸನ್ನು ಹತ್ತು ವರ್ಷದ ಗುಂಪುಗಳಾಗಿ ಮಾಡಿದೆ, ಸಣ್ಣ ಆಸ್ಪತ್ರೆಗಳ ಫಾರಂನಿಂದ ವಾರ್ಡ್ ತೆಗೆದೆ, ಕೆಲಸದ ಸ್ವರೂಪಕ್ಕೆ ಖಾಯಂ, ಗುತ್ತಿಗೆ, ಹೊರಗುತ್ತಿಗೆ ಅಂತ ಮೂರೇ ಇಟ್ಟೆ.

ಕಮಿಟಿಯವರು ಇನ್ನೊಂದು ಪ್ರಶ್ನೆ ಕೇಳಿದರು, ಅದನ್ನು ನಾನು ಯೋಚಿಸಿಯೇ ಇರಲಿಲ್ಲ. "ಕಳೆದ 12 ತಿಂಗಳಲ್ಲಿ ಸೂಜಿ ಚುಚ್ಚಿಕೊಂಡಿದ್ದೀರಾ, ಯಾರಿಗಾದರೂ ತಿಳಿಸಿದ್ದೀರಾ ಅಂತ ಕೇಳ್ತೀರಿ. ನಿನ್ನೆ ರಾತ್ರಿ ಚುಚ್ಚಿಕೊಂಡು ಯಾರಿಗೂ ಹೇಳದವರು ಇದ್ದರೆ?" ಫಾರಂ ಮುಚ್ಚಿದ ಲಕೋಟೆಯಲ್ಲಿ ಬರುತ್ತದೆ, ನಾನು ತೆರೆಯುವ ಹೊತ್ತಿಗೆ ಸಮಯ ಮೀರಿರುತ್ತದೆ. ಹಾಗಾಗಿ ಪ್ರತಿಯೊಬ್ಬರೂ ಮನೆಗೆ ಒಯ್ಯುವ ಮಾಹಿತಿ ಪತ್ರದಲ್ಲೇ ಬರೆದೆ: ಸೋಪು ನೀರಿನಲ್ಲಿ ತೊಳೆಯಿರಿ, ಹಿಂಡಬೇಡಿ, ಕೂಡಲೇ ತಿಳಿಸಿ, ಎಚ್‌ಐವಿ ತಡೆ ಔಷಧ ಸಾಧ್ಯವಾದರೆ 2 ಗಂಟೆಯೊಳಗೆ, 72 ಗಂಟೆ ಮೀರದಂತೆ ಶುರುವಾಗಬೇಕು, 28 ದಿನ ತೆಗೆದುಕೊಳ್ಳಬೇಕು, ಹೆಪಟೈಟಿಸ್ ಬಿ ಲಸಿಕೆ 0, 1, 6 ತಿಂಗಳ ಮೂರೂ ಡೋಸ್ ಆಗಿದೆಯೇ ನೋಡಿಕೊಳ್ಳಿ. ಕೆಳಗೆ ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯ ಸಹಾಯವಾಣಿಯ 14416. ದಣಿವಿನ ಬಗ್ಗೆ ಕೇಳುವ ಯಾರೇ ಆಗಲಿ ಈ ಸಂಖ್ಯೆ ಕೊಡದೆ ಕೇಳಬಾರದು.

ಆಡಳಿತದ ಅನುಮತಿಯಲ್ಲಿ ಒಂದು ಸುತ್ತು ಬರುತ್ತದೆ: ಆಸ್ಪತ್ರೆಯವರು ಎಥಿಕ್ಸ್ ಪತ್ರ ತನ್ನಿ ಅನ್ನುತ್ತಾರೆ, ಕಮಿಟಿ ಆಸ್ಪತ್ರೆಯ ಒಪ್ಪಿಗೆ ತನ್ನಿ ಅನ್ನುತ್ತದೆ. ದಾರಿ ಇದೆ. "ಎಥಿಕ್ಸ್ ಕಮಿಟಿಯ ಅನುಮೋದನೆಗೆ ಒಳಪಟ್ಟು ತಾತ್ವಿಕ ಒಪ್ಪಿಗೆ" ಅಂತ ಆಸ್ಪತ್ರೆಯಿಂದ ಪತ್ರ ಕೇಳಿ, ಅದು ಎರಡೂ ಕಡೆ ನಡೆಯುತ್ತದೆ. ತಾಲೂಕು ಆಸ್ಪತ್ರೆ, ಸಮುದಾಯ ಆರೋಗ್ಯ ಕೇಂದ್ರಗಳಿಗೆ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಅರ್ಜಿ, ಪ್ರಾಂಶುಪಾಲರ ಮುಖಾಂತರ, ಕನ್ನಡದಲ್ಲಿ. ಟಪಾಲಿನಲ್ಲಿ ಕೊಟ್ಟು ಎರಡನೇ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ, ದಿನಾಂಕ ಹಾಕಿಸಿಕೊಳ್ಳಿ. ಕಡತ ಯಾವ ವಿಷಯ ನಿರ್ವಾಹಕರ ಮೇಜಿಗೆ ಹೋಗುತ್ತದೆ ಅಂತ ಅವತ್ತೇ ಕೇಳಿ. ಒಂದು ಕಚೇರಿಯಲ್ಲಿ ಇದನ್ನು ಕೇಳದೆ ಬಂದು ಏಳು ವಾರ ಕಳೆದೆ. ಅರ್ಜಿ ಬೇರೆ ಶಾಖೆಯ ಫೈಲಿನಲ್ಲಿತ್ತು. ಹಿಂದೆ ಮುಂದೆ ತಿರುಗಿ, ಅಳುವಷ್ಟು ಬೇಸತ್ತಿದ್ದ ದಿನಗಳವು. ಸಿಕ್ಕ ಮೇಲೆ ಸಹಿಗೆ ಎರಡೇ ದಿನ ಹಿಡಿಯಿತು.

ಖಾಸಗಿ ನರ್ಸಿಂಗ್ ಹೋಂಗಳಲ್ಲಿ ಅಡ್ಡ ಬಂದದ್ದು ಸಂಬಳದ ಪ್ರಶ್ನೆ. ಸುಪ್ರೀಂ ಕೋರ್ಟ್‌ನ 2016ರ ನಿರ್ದೇಶನದಂತೆ ರಚನೆಯಾದ ಸಮಿತಿ ಒಂದು ಮೆಟ್ಟಿಲು ಹಾಕಿಕೊಟ್ಟಿದೆ: 200 ಹಾಸಿಗೆ ಮೀರಿದ ಖಾಸಗಿ ಆಸ್ಪತ್ರೆಯಲ್ಲಿ ಸರ್ಕಾರಿ ನರ್ಸ್‌ಗೆ ಸಮನಾದ ಸಂಬಳ, 100 ಮೀರಿದ್ದರೆ 10 ಪ್ರತಿಶತಕ್ಕಿಂತ ಹೆಚ್ಚು ಕಡಿಮೆಯಿರಬಾರದು, 50ರಿಂದ 100 ಇದ್ದರೆ 25 ಪ್ರತಿಶತ, 50ಕ್ಕಿಂತ ಕಡಿಮೆಯಿದ್ದರೂ ತಿಂಗಳಿಗೆ 20,000 ರೂಪಾಯಿಗೆ ಇಳಿಯಬಾರದು. ಆದ್ದರಿಂದ ನನ್ನ ಫಾರಂನಲ್ಲಿ ಮೊದಲ ಗುಂಪು "20,000ಕ್ಕಿಂತ ಕಡಿಮೆ". ಒಂದು ಕಡೆ ಆ ಪ್ರಶ್ನೆ ತೆಗೆದರೆ ಮಾತ್ರ ಒಳಗೆ ಬಿಡುತ್ತೇವೆ ಅಂದರು. ಯೋಚಿಸಿ, ಆ ಆಸ್ಪತ್ರೆಯನ್ನೇ ಬಿಟ್ಟೆ. ಒಂದು ಕಡೆ ಕೇಳಿ ಇನ್ನೊಂದು ಕಡೆ ಕೇಳದಿದ್ದರೆ ಹೋಲಿಸಲು ಬರುವುದಿಲ್ಲ, ಅದಕ್ಕಿಂತ ಹೆಚ್ಚಾಗಿ ಸಂಬಳ ಬಿಟ್ಟು ಕೆಲಸದ ಪರಿಸ್ಥಿತಿ ಅಂತ ಬರೆಯಲು ನನಗೆ ಮನಸ್ಸಾಗಲಿಲ್ಲ.

ಎಷ್ಟು ಜನ ಬೇಕು ಅನ್ನುವ ಲೆಕ್ಕ ಸರಳ. ಅಂದಾಜು 50 ಪ್ರತಿಶತ, ತಪ್ಪಿನ ಮಿತಿ 5 ಅಂತ ಇಟ್ಟರೆ 384 ಬರುತ್ತದೆ. ಆದರೆ ನೀವು ಆಯ್ದ ಆಸ್ಪತ್ರೆಗಳಲ್ಲಿ ಇರುವುದೇ 420 ನರ್ಸ್‌ಗಳು ಅಂದುಕೊಳ್ಳಿ. ಆಗ 384ನ್ನು 1 + 383/420ರಿಂದ ಭಾಗಿಸಬೇಕು, 201 ಬರುತ್ತದೆ. ಮರಳಿ ಬಾರದ ಫಾರಂಗಳಿಗೆ 10 ಪ್ರತಿಶತ ಸೇರಿಸಿ 221. ಈ ತಿದ್ದುಪಡಿ ಮರೆತು 384ರ ಹಿಂದೆ ಬಿದ್ದವರು ತಿಂಗಳುಗಟ್ಟಲೆ ತಿರುಗುತ್ತಾರೆ.

ಪೈಲಟ್‌ನಲ್ಲಿ (ಮುಖ್ಯ ಅಧ್ಯಯನಕ್ಕೆ ಮೊದಲಿನ ಪರೀಕ್ಷಾ ಸುತ್ತಿನಲ್ಲಿ) ಫಾರಂ ತುಂಬಲು 28 ನಿಮಿಷ ಹಿಡಿಯಿತು. ವಾರ್ಡಿನಲ್ಲಿ 28 ನಿಮಿಷ ಯಾರಿಗೂ ಸಿಗುವುದಿಲ್ಲ. ನಡುವೆ ಡ್ರಿಪ್ ಮುಗಿಯುತ್ತದೆ, ಬೆಲ್ ಆಗುತ್ತದೆ, ಹಿಂದೆ ಬಂದು ಕೂತಾಗ ಒಂದೇ ಕಾಲಂನಲ್ಲಿ ಸಾಲಾಗಿ ಟಿಕ್ ಬೀಳುತ್ತದೆ. ನನ್ನದೇ ಆದ ಹೆಚ್ಚುವರಿ ಪ್ರಶ್ನೆಗಳನ್ನೆಲ್ಲ ಕಿತ್ತು 15 ನಿಮಿಷಕ್ಕೆ ಇಳಿಸಿದೆ. ಪೈಲಟ್‌ನಲ್ಲಿ ತುಂಬಿದವರನ್ನು ಮುಖ್ಯ ಅಧ್ಯಯನಕ್ಕೆ ಸೇರಿಸಬಾರದು, ನೆನಪಿರಲಿ.

ಆ ಪೈಲಟ್‌ನಲ್ಲೇ ಇನ್ನೊಂದು ಕಂಡಿತು, ಇಡೀ ಪ್ರಬಂಧದಲ್ಲಿ ನನಗೆ ಅತಿ ಮುಖ್ಯ ಅನ್ನಿಸಿದ್ದು ಅದು. ಒಂದು ವಾರ್ಡಿನಲ್ಲಿ ಇನ್‌ಚಾರ್ಜ್ ಸಿಸ್ಟರ್ ತಾವೇ ಹಂಚಿ, ತಾವೇ ಪಡೆದು, ಒಟ್ಟು ಮಾಡಿ ಕೊಟ್ಟಿದ್ದರು. ಒಳ್ಳೆಯ ಮನಸ್ಸಿನಿಂದಲೇ. "ಮೇಲ್ವಿಚಾರಕರು ತಪ್ಪನ್ನು ಕಲಿಯುವ ಅವಕಾಶವಾಗಿ ನೋಡುತ್ತಾರೆ, ಬೈಯುವುದಕ್ಕಲ್ಲ" ಅನ್ನುವ ಪ್ರಶ್ನೆಗೆ ಆ ವಾರ್ಡಿನ ಎಲ್ಲರ ಉತ್ತರ "ಪೂರ್ತಿ ಒಪ್ಪುತ್ತೇನೆ". ಒಂದು ಫಾರಂನಲ್ಲಿ ಮಾತ್ರ "ಒಪ್ಪುವುದಿಲ್ಲ" ಮೇಲೆ ಹಾಕಿದ್ದ ಟಿಕ್ ಅನ್ನು ವೈಟ್‌ನರ್ ಹಚ್ಚಿ ಅಳಿಸಿ ಬದಲಿಸಿದ್ದರು. ಬೆಳಕಿಗೆ ಹಿಡಿದರೆ ಅಡಿಯ ಗೆರೆ ಕಾಣುತ್ತಿತ್ತು. ಅವತ್ತಿನಿಂದ ಫಾರಂ ನಾನೇ ಕೈಗೆ ಕೊಡುವುದು, ಜೊತೆಗೊಂದು ಅಂಟಿಸುವ ಲಕೋಟೆ, ಹಾಕಲು ಬೀಗದ ಡಬ್ಬಿ. ಡಬ್ಬಿ ನರ್ಸಿಂಗ್ ಸ್ಟೇಷನ್‌ನಲ್ಲಿ ಇಡಬಾರದು. ಡ್ಯೂಟಿ ಬದಲಾಗುವಾಗ ಎಲ್ಲರೂ ಹಾದು ಹೋಗುವ ಹಾಜರಿ ಪುಸ್ತಕದ ಹತ್ತಿರ ಇಡಿ. ಖಾಲಿ ಫಾರಂ ಹಾಕಿದರೂ ಆದೀತು ಅಂತ ಹೇಳಿಬಿಡಿ. ಆಗ "ಇಲ್ಲ" ಅನ್ನುವುದೂ ಯಾರ ಕಣ್ಣಿಗೂ ಬೀಳುವುದಿಲ್ಲ.

ಹೊತ್ತು ನೋಡಿ ಹೋಗಬೇಕು. ಪಾಳಿಗಳು ಬೆಳಗ್ಗೆ 8ರಿಂದ 2, 2ರಿಂದ 8, ರಾತ್ರಿ 8ರಿಂದ ಬೆಳಗ್ಗೆ 8. ಓವರ್ ಕೊಡುವ ಅರ್ಧ ಗಂಟೆ ಯಾರನ್ನೂ ಮಾತಾಡಿಸಬೇಡಿ. ಮಧ್ಯಾಹ್ನ 3ರಿಂದ 4, ರಾತ್ರಿ ಹತ್ತೂವರೆಯ ಮೇಲೆ, ಇವೆರಡೇ ಸಿಗುವುದು. ರಾತ್ರಿ ಪಾಳಿಯವರನ್ನು ಬಿಟ್ಟು ಹಗಲಿನವರಿಂದಷ್ಟೇ ತುಂಬಿಸಿದರೆ ದಣಿವಿನ ಅಳತೆಯೇ ತಪ್ಪುತ್ತದೆ.

ತಿಂಗಳೂ ಮುಖ್ಯ. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಮಳೆ, ಡೆಂಗಿ, ಇಲಿಜ್ವರದ ರೋಗಿಗಳು, ರಸ್ತೆ ಮೇಲೆ ಮರ. ಡಿಸೆಂಬರ್‌ನಿಂದ ಮೇವರೆಗೆ ಕಾಡಂಚಿನ ಕೇಂದ್ರಗಳಲ್ಲಿ ಮಂಗನ ಕಾಯಿಲೆಯ ಕಾಲ. ಜ್ವರದವರ ರಕ್ತದ ಮಾದರಿ, ಮೈಗೆ ಹಚ್ಚುವ ತೈಲ ಹಂಚುವುದು ಅಂತ ಸಿಬ್ಬಂದಿ ಹಳ್ಳಿಗಳಲ್ಲೇ ಇರುತ್ತಾರೆ. ನಡುವೆ ಅಡಿಕೆ ಕೊಯ್ಲಿಗೆ ತೋಟದ ಮನೆಯವರು ರಜೆ ಹಾಕುತ್ತಾರೆ. ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ನಡುವಿನ ಹೊತ್ತು ಸಿಕ್ಕರೆ ಬಿಡಬೇಡಿ. ನನಗೆ ಸಿಕ್ಕಿದ್ದು ಜುಲೈ. ಹೊಸನಗರದ ಕಡೆ ನೆಟ್‌ವರ್ಕ್ ಇಲ್ಲದೆ ಗೂಗಲ್ ಫಾರಂ ಯೋಚನೆ ಮೊದಲ ದಿನವೇ ಬಿಟ್ಟೆ. ಕಾಗದವೇ ಗತಿ, ಕಾಗದಕ್ಕೆ ಥಂಡಿ. ಲಕೋಟೆಗಳ ಅಂಟು ತಾನಾಗಿಯೇ ಹಿಡಿದುಕೊಂಡು ಖಾಲಿ ಲಕೋಟೆಗಳು ಕೂಡಿಹೋದವು. ಅಂಟು ಇಲ್ಲದ ಲಕೋಟೆ ಮತ್ತು ಗಮ್ ಟೇಪ್ ಒಯ್ಯಿರಿ, ಫಾರಂಗಳನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿಡಿ.

ಡೇಟಾ ಎಂಟ್ರಿ ಎರಡು ಸಲ ಮಾಡಿ, ಹೋಲಿಸಿ. ಕೋಪನ್‌ಹೇಗನ್ ಸ್ಕೇಲಿನಲ್ಲಿ "ಬಿಡುವಿನ ವೇಳೆ ಮನೆಯವರಿಗೆ, ಸ್ನೇಹಿತರಿಗೆ ಕೊಡಲು ನಿಮ್ಮಲ್ಲಿ ಚೈತನ್ಯ ಉಳಿದಿರುತ್ತದೆಯೇ?" ಅನ್ನುವ ಪ್ರಶ್ನೆಯ ಅಂಕ ತಿರುಗಿಸಬೇಕು, "ಯಾವಾಗಲೂ" ಅಂದರೆ 0. ನಾನು ಮರೆತಿದ್ದೆ. ಕ್ರಾನ್‌ಬಾಕ್ ಆಲ್ಫಾ (ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಅನ್ನುವ ಅಳತೆ) 0.7ಕ್ಕಿಂತ ಕೆಳಗೆ ಬಂದಾಗ ಹುಡುಕಿ, ತಿರುಗಿಸಿದ ಮೇಲೆ ಸರಿಯಾಯಿತು. ವಿಶ್ಲೇಷಣೆಗೆ ದುಡ್ಡು ಕೊಟ್ಟು ಸಾಫ್ಟ್‌ವೇರ್ ಬೇಡ, ಜಮೋವಿ ಉಚಿತ. ಕೋಷ್ಟಕದ ಒಂದು ಮನೆಯಲ್ಲಿ ನಿರೀಕ್ಷಿತ ಸಂಖ್ಯೆ 5ಕ್ಕಿಂತ ಕಡಿಮೆ ಬಂದರೆ ಗುಂಪುಗಳನ್ನು ಹೋಲಿಸುವ ಕೈ-ಸ್ಕ್ವೇರ್ ಪರೀಕ್ಷೆ ಬಿಟ್ಟು ಸಣ್ಣ ಸಂಖ್ಯೆಗೆ ಹೊಂದುವ ಫಿಶರ್ ಪರೀಕ್ಷೆ ಮಾಡಿ. ಹೊರಗುತ್ತಿಗೆಯವರು ಕಡಿಮೆಯಿರುವುದರಿಂದ ಇದು ಬಂದೇ ಬರುತ್ತದೆ.

ಖರ್ಚು: ಹೆಚ್ಚು ಹೋದದ್ದು ಜೆರಾಕ್ಸಿಗೆ, ಆಮೇಲೆ ಬೈಂಡಿಂಗ್‌ಗೆ, ಆಮೇಲೆ ಓಡಾಟಕ್ಕೆ. ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ ಅಂತ ಲೆಕ್ಕ ಹಾಕಿದ್ದೆ. ತೀರ್ಥಹಳ್ಳಿ, ಹೊಸನಗರದ ಕಡೆ ಹೊತ್ತಿಗೆ ಸಿಗುವುದು ಖಾಸಗಿ ಬಸ್ಸೇ. ರಾತ್ರಿ ಪಾಳಿಯವರನ್ನು ನೋಡಲು ಹೋದ ದಿನ ಅಲ್ಲೇ ಉಳಿಯಬೇಕು, ಅದನ್ನೂ ಸೇರಿಸಿಕೊಳ್ಳಿ. ಅನುವಾದ ಮಾಡಿಕೊಟ್ಟವರಿಗೆ ಸಂಭಾವನೆ ಮೊದಲೇ ಮಾತಾಡಿ.

ಫಾರಂನ ಕೊನೆಯಲ್ಲಿ ಆರು ಗೆರೆ ಖಾಲಿ ಬಿಟ್ಟಿದ್ದೆ: "ಈ ಆಸ್ಪತ್ರೆಯಲ್ಲಿ ಒಂದು ಬದಲಾಗಬೇಕು ಅಂದರೆ ಅದು ಯಾವುದು?" ಹೆಚ್ಚು ಜನ ಸಿಬ್ಬಂದಿ ಬೇಕು, ಸಂಬಳ ಸರಿಯಾಗಿ ಬರಬೇಕು ಅಂತ ಬರೆದಿದ್ದರು. ಆದರೆ ಮಳೆಗಾಲದಲ್ಲಿ ತುಂಬಿದ ಫಾರಂಗಳಲ್ಲಿ ಮತ್ತೆ ಮತ್ತೆ ಇನ್ನೊಂದು ಬಂತು: ನೆನೆದು ಬಂದಾಗ ಬಟ್ಟೆ ಬದಲಿಸಲು ಚಿಲಕವಿರುವ ಒಂದು ಕೋಣೆ, ಸೀರೆ, ಸ್ವೆಟರ್ ಒಣಗಿಸಲು ಒಂದು ಹಗ್ಗ. ಯಾವ ಸ್ಕೇಲಿನ ಯಾವ ಪ್ರಶ್ನೆಯಲ್ಲೂ ಇದಕ್ಕೆ ಜಾಗವಿರಲಿಲ್ಲ. ಪ್ರತಿ ಆಸ್ಪತ್ರೆಗೂ ಫಲಿತಾಂಶವನ್ನು ಒಂದು ಪುಟದಲ್ಲಿ ಕನ್ನಡದಲ್ಲಿ ಬರೆದು ಕೊಡುವುದಾಗಿ ಮಾತು ಕೊಟ್ಟಿದ್ದೆ, ಅದರ ಮೊದಲ ಸಾಲಿನಲ್ಲೇ ಇದನ್ನು ಹಾಕಿದ್ದೇನೆ. ಎರಡು ಕಡೆ ಕೊಟ್ಟು ಸ್ವೀಕೃತಿ ಪಡೆದಾಗಿದೆ. ಉಳಿದ ಕಡೆಗೆ ಮುಂದಿನ ವಾರ ಹೋಗಬೇಕು.